ಹೊರದೇಶದ ಅತಿಥಿಗಳಿಗೆ ನಮ್ಮ ಮಲೆನಾಡು ತೋರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ, ಸೊರಬ, ಸಿದ್ದಾಪುರ, ಶಿರಸಿ ಕಡೆಯ ಹಳ್ಳಿಗಳಿಗೆ ಹೊರದೇಶದವರು ಬರುವುದು ಈಗ ಅಪರೂಪವಲ್ಲ. ಮಗಳ ಜೊತೆ ಓದಿದವರು, ಮಗನ ಆಫೀಸಿನವರು, ಅಣ್ಣನ ಸೊಸೆಯ ತಂದೆತಾಯಿ ಹೀಗೆ ಯಾರಾದರೂ ಬರುತ್ತಲೇ ಇರುತ್ತಾರೆ. ಅವರು ಬರುತ್ತಾರೆ ಅಂದ ಕೂಡಲೇ ಮನೆಯವರಿಗೆ ಸಂತೋಷಕ್ಕಿಂತ ಮುಂಚೆ ಗಾಬರಿ ಶುರುವಾಗುತ್ತದೆ. ಮದುವೆ ಮನೆಯಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಜನ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಮತ್ತು ಅವಕ್ಕೆ ನನ್ನ ಉತ್ತರಗಳು ಇಲ್ಲಿವೆ.

## ಬರುವ ಮುಂಚೆ

ನಮ್ಮೂರಲ್ಲಿ ತೋರಿಸೋಕೆ ಏನಿದೆ? ಬರೀ ತೋಟ, ಗದ್ದೆ, ಮಳೆ.

ಅದನ್ನೇ ತೋರಿಸಿ. ನಿಮ್ಮ ಊರಿನ ಸಲುವಾಗಿ ಬರುವವರಿಗೆ ಬೇಕಾಗಿರುವುದು ನೀವು ಬದುಕುವ ರೀತಿ. ಜೋಗ ನೋಡಬೇಕೆಂದರೆ ಅವರೇ ಟ್ಯಾಕ್ಸಿ ಮಾಡಿಕೊಂಡು ಹೋಗಬಹುದು. ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹಾಲು ಕರೆಯುವುದು, ಬಚ್ಚಲ ಒಲೆಗೆ ಸೌದೆ ಹಾಕಿ ನೀರು ಕಾಯಿಸುವುದು, ಸಂಜೆ ಡೇರಿಗೆ ಹಾಲು ಹಾಕಲು ಹೋಗುವುದು, ಇವನ್ನು ನಿಮ್ಮ ಜೊತೆ ಇಲ್ಲದೆ ಅವರು ನೋಡಲಾರರು. ಅತಿಥಿ ಬಂದರೆಂದು ಮನೆಯ ಕೆಲಸ ನಿಲ್ಲಿಸಬೇಡಿ. ಅವರನ್ನೂ ಅದರೊಳಗೆ ಕರೆದುಕೊಳ್ಳಿ.

ಯಾವ ತಿಂಗಳಲ್ಲಿ ಬನ್ನಿ ಅಂತ ಹೇಳ್ಲಿ?

ಎಲ್ಲರೂ ಡಿಸೆಂಬರ್ ಅನ್ನುತ್ತಾರೆ. ಕ್ರಿಸ್ಮಸ್ ರಜೆ ಇರುತ್ತದೆ, ಸೆಕೆ ಇರುವುದಿಲ್ಲ, ರಸ್ತೆಯೂ ಚೆನ್ನಾಗಿರುತ್ತದೆ. ಆಗ ಅಡಿಕೆ ಕೊಯ್ಲು ನಡೆಯುತ್ತಿರುತ್ತದೆ. ಕೊನೆ ಇಳಿಸುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲವನ್ನೂ ಒಂದೇ ವಾರದಲ್ಲಿ ನೋಡಬಹುದು. ಜನವರಿಯಿಂದ ಮಾರ್ಚ್‌ವರೆಗೆ ಆಲೆಮನೆ. ಕಬ್ಬಿನ ಹಾಲು ಕುಡಿದು, ಕೊಪ್ಪರಿಗೆಯಿಂದ ಇಳಿಸಿದ ಬಿಸಿ ಜೋನಿ ಬೆಲ್ಲವನ್ನು ಬಾಳೆ ಎಲೆಯಲ್ಲಿ ಹಾಕಿಕೊಂಡು ತಿಂದವರು ಅದನ್ನು ಮರೆಯುವುದಿಲ್ಲ.

ಆದರೆ ನನ್ನನ್ನು ಕೇಳಿದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರು. ಮಳೆ ಹಿಂದಾಗಿರುತ್ತದೆ, ಹೊಳೆ ತುಂಬಿರುತ್ತದೆ, ಗದ್ದೆ ಹಸಿರಾಗಿರುತ್ತದೆ. ಜೋಗದಲ್ಲಿ ನೀರೂ ಇರುತ್ತದೆ, ಮಂಜಿನ ನಡುವೆ ಅದು ಕಾಣುತ್ತದೆ ಕೂಡ. ಜುಲೈಯಲ್ಲಿ ನೀರು ಜಾಸ್ತಿ ಇದ್ದರೂ ಎಷ್ಟೋ ದಿನ ಬರೀ ಸದ್ದು ಕೇಳಿ ವಾಪಸ್ ಬರಬೇಕಾಗುತ್ತದೆ. ಅಕ್ಟೋಬರಿನಲ್ಲಿ ಭೂಮಿತಾಯಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆಯೂ ಸಿಗಬಹುದು. ಅದಕ್ಕಾಗಿ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಿಂದ ನಾರಿನ ಕುಂಚ ಹಿಡಿದು ಚಿತ್ತಾರ ಬರೆಯುತ್ತಾರೆ. ಆ ಎಳೆಗಳು ಎಷ್ಟು ಸಣ್ಣವು ಅಂದರೆ, ಬರೆಯುವಾಗ ಪಕ್ಕದಲ್ಲಿ ಕೂತು ನೋಡಿದರೆ ಮಾತ್ರ ಅದರ ಕಷ್ಟ ಗೊತ್ತಾಗುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಬರುವವರಿಗೆ ಸೆಕೆ ಇರುತ್ತದೆ, ಜೋಗದಲ್ಲಿ ನೀರು ತೀರಾ ಕಡಿಮೆ ಅಂತ ಮೊದಲೇ ಹೇಳಿಬಿಡಿ. ಹಲಸು, ಮಾವು ಆಗಲೇ ಸಿಗುವುದು ಅನ್ನುವುದನ್ನೂ ಹೇಳಿ.

ಬೆಂಗಳೂರಿಂದ ಕಾರಲ್ಲೇ ಕರ್ಕೊಂಡ್ ಬರ್ಬೇಕಾ?

ಬೇಡ. ರಾತ್ರಿ ರೈಲಿಗೆ ಹತ್ತಿಸಿದರೆ ಬೆಳಿಗ್ಗೆ ಸಾಗರ. ಹತ್ತು-ಹನ್ನೆರಡು ಗಂಟೆ ವಿಮಾನದಲ್ಲಿ ಬಂದವರನ್ನು ಅದೇ ದಿನ ಮತ್ತೆ ಏಳೆಂಟು ಗಂಟೆ ಕಾರಿನಲ್ಲಿ ಕೂರಿಸಬಾರದು. ಒಂದು ರಾತ್ರಿ ಬೆಂಗಳೂರಿನಲ್ಲಿ ನಿದ್ದೆ ಮಾಡಲಿ. 2023ರಲ್ಲಿ ಶುರುವಾದ ಶಿವಮೊಗ್ಗ ವಿಮಾನ ನಿಲ್ದಾಣವೂ ಇದೆ, ವೇಳಾಪಟ್ಟಿ ನೋಡಿಕೊಂಡು ಹೊರಡಿ.

ಮನೇಲಿ ಉಳಿಸ್ಕೊಂಡ್ರೆ ಪೊಲೀಸರಿಗೆ ಹೇಳ್ಬೇಕಾ?

ಹೌದು, ತಿಳಿಸಬೇಕು. ವಿದೇಶಿ ಪಾಸ್‌ಪೋರ್ಟ್ ಇರುವವರು ನಿಮ್ಮಲ್ಲಿ ಉಳಿದರೆ, ಬಂದ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡಬೇಕು. ಜನ ಇದನ್ನು ಸಿ ಫಾರಂ ಅನ್ನುತ್ತಾರೆ. ಇದು ಹೋಟೆಲಿಗೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ, ಮನೆಗೂ ಅನ್ವಯಿಸುತ್ತದೆ. ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳ ಫೋಟೋವನ್ನು ಅವರು ಹೊರಡುವ ಮುಂಚೆಯೇ ತರಿಸಿಕೊಳ್ಳಿ. ಹಳ್ಳಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಆದ್ದರಿಂದ ನಿಮ್ಮ ಖಾತೆಯನ್ನು ಒಂದು ವಾರ ಮೊದಲೇ ತೆರೆದಿಡಿ. ಗೊಂದಲವಿದ್ದರೆ ಹತ್ತಿರದ ಠಾಣೆಯಲ್ಲಿ ಕೇಳಿ. ಮೊದಲೇ ಹೇಳಿ ಬಂದರೆ ಆಮೇಲೆ ಯಾರಾದರೂ ವಿಚಾರಿಸಿದರೂ ಮುಜುಗರ ಇರುವುದಿಲ್ಲ.

ಏನೇನು ತನ್ನಿ, ಏನು ತರ್ಬೇಡಿ ಅಂತ ಹೇಳೋದು?

ತರಬಾರದ್ದು ಮೊದಲು. ಉಪಗ್ರಹ ಫೋನನ್ನು ಸರ್ಕಾರದ ಅನುಮತಿ ಇಲ್ಲದೆ ತರುವಂತಿಲ್ಲ. ಬೆಟ್ಟ ಹತ್ತುವ ಅಭ್ಯಾಸ ಇರುವವರು ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಪುಟ್ಟ ಯಂತ್ರವನ್ನು ಚೀಲಕ್ಕೆ ಸಿಕ್ಕಿಸಿಕೊಂಡೇ ಬರುತ್ತಾರೆ. ಅದಕ್ಕೂ ಇದೇ ನಿಯಮ, ವಿಮಾನ ನಿಲ್ದಾಣದಲ್ಲೇ ತೊಂದರೆ ಆಗುತ್ತದೆ. ಡ್ರೋನ್ ಕೂಡ ಬೇಡ.

ತರಬೇಕಾದದ್ದು ಉದ್ದ ತೋಳಿನ ಹತ್ತಿ ಅಂಗಿ, ಬೇಗ ಒಣಗುವ ಉದ್ದನೆ ಪ್ಯಾಂಟು, ಅವರ ದಿನದ ಮಾತ್ರೆ, ಟಾರ್ಚು. ಕೊಡೆ, ಕಂಬಳಿ ನಮ್ಮಲ್ಲೇ ಇವೆ.

## ಮನೆಯಲ್ಲಿ

ನಮ್ಮನೇಲಿ ಎಸಿ ಇಲ್ಲ, ಹಳೇ ಮನೆ. ನಾಚಿಕೆ ಆಗುತ್ತೆ. ಕರೀಬಹುದಾ?

ಧಾರಾಳವಾಗಿ ಕರೆಯಿರಿ. ಮಣ್ಣಿನ ಗೋಡೆ, ಹಂಚಿನ ಮಾಡು, ಎತ್ತರದ ಜಗುಲಿ ಇರುವ ಮನೆಯಲ್ಲಿ ಎಸಿ ಯಾಕೆ? ನಾಚಿಕೆಪಡುವಂಥದ್ದು ಅದರಲ್ಲಿ ಏನೂ ಇಲ್ಲ. ಗಮನ ಕೊಡಬೇಕಾದ್ದು ಎರಡಕ್ಕೆ. ಒಂದು, ಕೂತು ಬಳಸುವ ಕಮೋಡ್. ಮಂಡಿ ಬಗ್ಗದವರಿಗೆ ಅದಿಲ್ಲದಿದ್ದರೆ ನಿಜಕ್ಕೂ ಕಷ್ಟ. ನಿಮ್ಮಲ್ಲಿ ಇಲ್ಲದಿದ್ದರೆ ಹತ್ತಿರದ ಹೋಂಸ್ಟೇಯಲ್ಲಿ ಮಲಗಲು ವ್ಯವಸ್ಥೆ ಮಾಡಿ, ಹಗಲು ಮನೆಗೆ ಕರೆತನ್ನಿ. ಎರಡು, ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ. ನಮ್ಮ ಮನೆಗಳಲ್ಲಿ ಯಾರು ಬೇಕಾದರೂ ಯಾವಾಗ ಬೇಕಾದರೂ ಒಳಗೆ ಬರುತ್ತಾರೆ. ಅವರಿಗೆ ದಿನಕ್ಕೆ ಒಂದೆರಡು ಗಂಟೆ ಒಬ್ಬರೇ ಇರಬೇಕು ಅನ್ನಿಸುತ್ತದೆ. ಅದನ್ನು ಮುನಿಸು ಅಂತ ತಿಳಿಯಬೇಡಿ.

ಊಟ ಖಾರ ಆಗುತ್ತಲ್ವಾ? ಪಾಸ್ತಾ, ಬ್ರೆಡ್ ತರ್ಸಿಡ್ಬೇಕಾ?

ಮಲೆನಾಡಿನ ಅಡಿಗೆಯಲ್ಲಿ ಖಾರವಿಲ್ಲದ್ದೇ ಬೇಕಾದಷ್ಟಿದೆ. ತಂಬುಳಿಯಿಂದ ಶುರು ಮಾಡಿ. ಒಂದೆಲಗದ ಸೊಪ್ಪು, ಸ್ವಲ್ಪ ಜೀರಿಗೆ, ಎರಡು ಕಾಳುಮೆಣಸನ್ನು ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಜೊತೆ ರುಬ್ಬಿ, ಮಜ್ಜಿಗೆಗೆ ಬೆರೆಸಿದರೆ ಆಯಿತು. ಹಿತ್ತಲಲ್ಲಿ ಸೊಪ್ಪು ಕೊಯ್ಯುವುದರಿಂದ ಬಡಿಸುವವರೆಗೆ ಅತಿಥಿಯ ಕೈಯಲ್ಲೇ ಮಾಡಿಸಬಹುದು, ಕಾಲು ಗಂಟೆ ಸಾಕು. ಬಸಳೆ, ದಾಸವಾಳ, ನೆಲ್ಲಿ ಯಾವುದರದ್ದಾದರೂ ಆಗುತ್ತದೆ. ಬೆಳಿಗ್ಗೆ ತೆಳ್ಳೇವು, ಬೆಲ್ಲ, ತುಪ್ಪ. ಹಬ್ಬದ ದಿನವಾದರೆ ಕೊಟ್ಟೆ ಕಡುಬು. ಬೇಸಿಗೆಯಲ್ಲಿ ಅಪ್ಪೆಹುಳಿ ಕೊಡಿ, ಆದರೆ ಮೊದಲು ಅರ್ಧ ಲೋಟ ಮಾತ್ರ. ಹುಳಿಗೆ ಬೆಚ್ಚಿಬೀಳುವವರಿದ್ದಾರೆ, ಇನ್ನೊಂದು ಲೋಟ ಕೇಳುವವರೂ ಇದ್ದಾರೆ.

ಅಲರ್ಜಿ ಏನಿದೆ ಅಂತ ಕೇಳುವುದನ್ನು ಮರೆಯಬೇಡಿ. ಗೋಡಂಬಿ, ಶೇಂಗಾ ಆಗದವರಿಗೆ ಒಂದು ಚೂರೂ ಅಪಾಯ. ಹಾಲಿನದ್ದು ಏನೂ ತಿನ್ನದವರು ಬಂದರೆ ತುಪ್ಪದ ಒಗ್ಗರಣೆಯೂ ಇಲ್ಲ, ಮಜ್ಜಿಗೆಯೂ ಇಲ್ಲ. ಅವರಿಗೆ ಕಾಯಿಹಾಲು ಹಾಕಿದ ಪಾಯಸ, ಕೊಬ್ಬರಿ ಎಣ್ಣೆಯ ಒಗ್ಗರಣೆ ಮಾಡಿ. ನೀರು ಚೆನ್ನಾಗಿ ಕುದಿಸಿದ್ದೇ ಇರಲಿ. ನಮ್ಮ ಬಾವಿಯ ನೀರು ನಮಗೆ ಒಗ್ಗಿದೆ, ಅವರ ಹೊಟ್ಟೆಗೆ ಹೊಸದು.

ಒಂದು ಮಾತು ಮಾತ್ರ ಹೆಂಗಸರಿಗೂ ಗಂಡಸರಿಗೂ ಸೇರಿಸಿ ಹೇಳುತ್ತೇನೆ. "ಇನ್ನೊಂಚೂರು, ಇನ್ನೊಂಚೂರು" ಅಂತ ಒತ್ತಾಯ ಮಾಡಿ ಬಡಿಸಬೇಡಿ. ನಮಗೆ ಅದು ಪ್ರೀತಿ. ತಟ್ಟೆಯಲ್ಲಿ ಬಿಡಬಾರದು ಅಂತ ಬೆಳೆದವರಿಗೆ ಶಿಕ್ಷೆ.

ಅಮ್ಮನಿಗೆ ಇಂಗ್ಲಿಷ್ ಬರಲ್ಲ. ಇಡೀ ದಿನ ನಾನೇ ಅನುವಾದ ಮಾಡ್ತಾ ಕೂರ್ಬೇಕಾ?

ಬೇಡ. ಇಬ್ಬರಿಗೂ ಒಂದು ಕೆಲಸ ಕೊಟ್ಟು ನೀವು ಆಚೆ ಹೋಗಿ. ಅಡಿಕೆ ಸುಲಿಯುವ ಕಾಲದಲ್ಲಿ ನಾನು ನೋಡಿದ್ದನ್ನು ಹೇಳುತ್ತೇನೆ. ನಮ್ಮ ಅತ್ತೆ ಮೆಟ್ಟುಗತ್ತಿ ಮುಂದೆ ಕೂತಿದ್ದರು. ಜರ್ಮನಿಯಿಂದ ಬಂದ ಹುಡುಗಿ ಎದುರಿಗೆ ಮಣೆ ಹಾಕಿಕೊಂಡು ಕೂತಳು. ಅತ್ತೆ ಮೊದಲು ಒಂದು ಕಾಯಿ ಎತ್ತಿ ತೋರಿಸಿದರು, ಕತ್ತಿಗೆ ಒತ್ತಿ ಸಿಪ್ಪೆ ತಿರುವಿ ತೆಗೆದರು. ಮತ್ತೊಂದನ್ನು ನಿಧಾನವಾಗಿ ಮಾಡಿದರು. ಮೂರನೆಯದನ್ನು ಅವಳ ಕೈಗೆ ಕೊಟ್ಟು, ಅವಳ ಹೆಬ್ಬೆರಳನ್ನು ಹಿಡಿದು ಕತ್ತಿಯಿಂದ ಸ್ವಲ್ಪ ಆಚೆ ಸರಿಸಿಟ್ಟರು. "ಇಲ್ಲಿ, ಇಲ್ಲಿ ಮಗಾ" ಅಂದದ್ದು ಬಿಟ್ಟರೆ ಬೇರೆ ಮಾತಿಲ್ಲ. ಸಂಜೆಯ ಹೊತ್ತಿಗೆ ಆ ಹುಡುಗಿ ಬುಟ್ಟಿಯ ತಳ ಮುಚ್ಚುವಷ್ಟು ಸುಲಿದಿದ್ದಳು. ಇಬ್ಬರೂ ಅವರವರ ಭಾಷೆಯಲ್ಲೇ ಮಾತಾಡಿಕೊಂಡು ನಗುತ್ತಿದ್ದರು.

ಫೋನಿನ ಅನುವಾದದ ಆ್ಯಪ್ ಔಷಧಿ, ಅಲರ್ಜಿ, ಸಮಯ ಇಂಥ ಗಟ್ಟಿ ವಿಷಯಕ್ಕೆ ಇರಲಿ.

## ಊರು ಸುತ್ತುವಾಗ

ತೋಟ ಸುತ್ತಿಸಿದ್ರೆ ಹತ್ತೇ ನಿಮಿಷಕ್ಕೆ ಮುಗಿಯುತ್ತೆ. ಏನು ವಿವರಿಸೋದು?

ಮೇಲಿಂದ ಕೆಳಗೆ ತೋರಿಸಿ. ಮೇಲೆ ಅಡಿಕೆಯ ತಲೆ, ಮರಕ್ಕೆ ಹಬ್ಬಿದ ಕಾಳುಮೆಣಸು ಮತ್ತು ವೀಳ್ಯದೆಲೆ ಬಳ್ಳಿ, ನಡುವೆ ಬಾಳೆ, ಕೆಳಗೆ ಏಲಕ್ಕಿ, ಅದರ ಬುಡದಲ್ಲಿ ಬಸಿಗಾಲುವೆ. ಒಂದೇ ಜಾಗದಲ್ಲಿ ಇಷ್ಟು ಬೆಳೆ. ಆಮೇಲೆ ಸೊಪ್ಪಿನ ಬೆಟ್ಟಕ್ಕೆ ಹತ್ತಿಸಿ. ತೋಟಕ್ಕೆ ಗೊಬ್ಬರವಾಗುವ ಸೊಪ್ಪು, ದರಕು ಎಲ್ಲಾ ಅಲ್ಲಿಂದ ಬರುತ್ತದೆ. ಬೆಟ್ಟ ಬೋಳಾದರೆ ತೋಟ ಬಡವಾಗುತ್ತದೆ, ಕೆಳಗಿನ ಕೆರೆ ಬತ್ತುತ್ತದೆ. ಇದು ಅರ್ಥವಾದರೆ ಮಲೆನಾಡಿನ ಅರ್ಧ ಅರ್ಥವಾದ ಹಾಗೆ.

ಮಳೆಗಾಲದಲ್ಲಿ ಬಂದವರಿಗೆ ಮದ್ದು ಹೊಡೆಯುವುದನ್ನು ತೋರಿಸಿ. ಕೊಳೆರೋಗ ಬಾರದಂತೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಇದರ ಹೆಸರು ಬೋರ್ಡೋ. ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿ ತೋಟಗಳಲ್ಲಿ 19ನೇ ಶತಮಾನದಲ್ಲಿ ಹುಟ್ಟಿದ್ದು. ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ ಈ ಮದ್ದನ್ನು ನಮ್ಮ ತೋಟಗಳಿಗೆ ತಂದವರಲ್ಲಿ ಮುಖ್ಯರು ಲೆಸ್ಲಿ ಕೋಲ್ಮನ್, ಕೆನಡಾದವರು, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದವರು. ಫ್ರಾನ್ಸಿನವರಿಗೋ ಕೆನಡಾದವರಿಗೋ ಇದನ್ನು ಹೇಳಿ ನೋಡಿ. ನಮ್ಮ ತೋಟದ ಜೊತೆ ಅವರಿಗೂ ಒಂದು ಸಂಬಂಧ ಇದೆ ಅಂತ ಗೊತ್ತಾದಾಗ ಪ್ರಶ್ನೆಗಳು ನಿಲ್ಲುವುದೇ ಇಲ್ಲ.

ಜೋಗ ಒಂದು ಆಯ್ತು. ಆಮೇಲೆ ಎಲ್ಲಿಗೆ?

ದಿನಕ್ಕೆ ಎರಡು ಜಾಗ, ಅದಕ್ಕಿಂತ ಜಾಸ್ತಿ ಬೇಡ.

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ಸಾಗರದಿಂದ ಸುಮಾರು 6 ಕಿ.ಮೀ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ ಇಲ್ಲಿಗೆ ಬಂದಿದ್ದ. ಆಗ ಕೆಳದಿಯ ಅರಸ ವೆಂಕಟಪ್ಪ ನಾಯಕನ ಆಳ್ವಿಕೆ. ಪಿಯೆತ್ರೋ ತಾನು ಕಂಡದ್ದನ್ನೆಲ್ಲ ಪತ್ರಗಳಲ್ಲಿ ಬರೆದಿಟ್ಟ. ಅಂದರೆ ಹೊರದೇಶದವರಿಗೆ ಈ ಸೀಮೆ ತೋರಿಸುವುದು ನಮ್ಮಲ್ಲಿ 400 ವರ್ಷ ಹಳೆಯ ಕೆಲಸ! ಇಕ್ಕೇರಿ ನೋಡಿದ ಮೇಲೆ ಕೆಳದಿಗೆ ಹೋಗಿ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೇನೆಯನ್ನು ಎದುರಿಸಿದ ಚೆನ್ನಮ್ಮನ ಕತೆಯನ್ನು ಅಲ್ಲೇ ನಿಂತು ಹೇಳಬೇಕು.

ಹೆಗ್ಗೋಡಿನಲ್ಲಿ ನೀನಾಸಂ ಇದೆ. 1949ರಲ್ಲಿ ಹಳ್ಳಿಯವರು ಕಟ್ಟಿದ ನಾಟಕ ಸಂಸ್ಥೆ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಡಿಕೆ ತೋಟದ ನಡುವೆ ಶೇಕ್ಸ್‌ಪಿಯರ್ ನಾಟಕ ಕನ್ನಡದಲ್ಲಿ ನಡೆಯುತ್ತದೆ ಅಂದರೆ ಹೊರಗಿನವರು ನಂಬುವುದು ಕಷ್ಟ. ಪ್ರದರ್ಶನ ಯಾವಾಗ ಅಂತ ಮೊದಲೇ ವಿಚಾರಿಸಿ ಹೋಗಿ.

ಶಿರಸಿ ಕಡೆ ಹೋದರೆ ಬನವಾಸಿಯ ಮಧುಕೇಶ್ವರ, ಶಾಲ್ಮಲಾ ಹೊಳೆಯ ಸಹಸ್ರಲಿಂಗ. ಸಹಸ್ರಲಿಂಗಕ್ಕೆ ಮಳೆಗಾಲ ಕಳೆದ ಮೇಲೆಯೇ ಹೋಗಿ, ನೀರು ತುಂಬಿದ್ದಾಗ ಕಲ್ಲುಗಳೂ ಕಾಣುವುದಿಲ್ಲ, ಅಪಾಯವೂ ಹೌದು.

ರಾತ್ರಿ ಇಡೀ ಯಕ್ಷಗಾನಕ್ಕೆ ಕೂರ್ತಾರಾ?

ಇಡೀ ರಾತ್ರಿ ಕೂರಬೇಕಾಗಿಲ್ಲ. ಕತೆಯನ್ನು ಸಂಜೆಯೇ ಹೇಳಿಡಿ, ಚೌಕಿಗೆ ಕರೆದುಕೊಂಡು ಹೋಗಿ ಬಣ್ಣ ಹಚ್ಚಿಕೊಳ್ಳುವುದನ್ನು ತೋರಿಸಿ. ವೇಷಧಾರಿ ಕನ್ನಡಿ ಹಿಡಿದು ತನ್ನ ಮುಖ ತಾನೇ ಬರೆದುಕೊಳ್ಳುವುದು, ಕೇದಗೆ ಮುಂದಲೆ ಕಟ್ಟಿಕೊಳ್ಳುವುದು ನೋಡಿದವರು ಆಟವನ್ನು ಬೇರೆ ಕಣ್ಣಿನಲ್ಲೇ ನೋಡುತ್ತಾರೆ. ಮೊದಲು ಮೇಳದವರ ಒಪ್ಪಿಗೆ ಕೇಳಿ. ಮೇಳಗಳ ತಿರುಗಾಟ ಸಾಮಾನ್ಯವಾಗಿ ನವೆಂಬರ್‌ನಿಂದ ಮೇವರೆಗೆ.

ದೇವಸ್ಥಾನದೊಳಗೆ ಬಿಡ್ತಾರಾ?

ಕೆಲವು ಕಡೆ ಬಿಡುತ್ತಾರೆ, ಕೆಲವು ಕಡೆ ಇಲ್ಲ. ಬಾಗಿಲಲ್ಲಿ ನಿಂತ ಮೇಲೆ ಕೇಳಬೇಡಿ, ಹಿಂದಿನ ದಿನವೇ ಅರ್ಚಕರನ್ನು ಕೇಳಿ. ಅತಿಥಿಯ ಎದುರು ಬೇಡ ಅನ್ನಿಸಿಕೊಳ್ಳುವುದು ಇಬ್ಬರಿಗೂ ನೋವು. ಗಂಡಸರು ಅಂಗಿ ತೆಗೆಯಬೇಕಾದ ಕಡೆ ಮೊದಲೇ ತಿಳಿಸಿ. ಹಂಪಿಗೂ ಹೋಗುವವರಾದರೆ ಅಲ್ಲಿ ವಿದೇಶಿಯರ ಟಿಕೆಟ್ ದರವೇ ಬೇರೆ, ನಮಗಿಂತ ಬಹಳ ಜಾಸ್ತಿ ಅನ್ನುವುದನ್ನೂ ಹೇಳಿ.

ಉಂಬಳ (ಜಿಗಣೆ) ಕಚ್ಚಿದ್ರೆ ಹೆದರ್ತಾರೆ. ಏನ್ ಮಾಡೋದು?

ಉಂಬಳದಿಂದ ರೋಗ ಬರುವ ಭಯ ಬೇಡ. ಉಪ್ಪು ಅಥವಾ ಸುಣ್ಣ ಸೋಕಿಸಿದರೆ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ತೊಳೆದು ಒತ್ತಿ ಹಿಡಿದರೆ ಸಾಕು.

ನಿಜವಾಗಿ ಎಚ್ಚರ ಬೇಕಾಗಿರುವುದು ಉಣುಗಿನ ವಿಷಯದಲ್ಲಿ. ಮಂಗನ ಕಾಯಿಲೆ ಹರಡುವುದು ಅದರಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ್ದರಿಂದ ಲೋಕವೆಲ್ಲ ಅದನ್ನು ಆ ಹೆಸರಿನಿಂದಲೇ ಕರೆಯುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ಆ ದಿನಗಳಲ್ಲಿ ಕಾಡಿನೊಳಗೆ ಹೋಗುವ ಮುಂಚೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಮಂಗ ಸತ್ತ ಸುದ್ದಿ ಇದ್ದರೆ ಆ ಕಡೆ ಹೋಗಲೇಬೇಡಿ. ಮೈ ತುಂಬ ಬಟ್ಟೆ, ಉಣುಗು ಬಾರದಂತೆ ಹಚ್ಚುವ ಎಣ್ಣೆ, ಬಂದ ಕೂಡಲೇ ಬಿಸಿನೀರ ಸ್ನಾನ, ಬಟ್ಟೆ ಬಿಸಿನೀರಿಗೆ. ಊರಿಗೆ ಹೋದ ಮೇಲೆ ಒಂದೆರಡು ವಾರದಲ್ಲಿ ಜ್ವರ ಬಂದರೆ, ಈ ಕಾಡಿಗೆ ಹೋಗಿದ್ದೆ ಅಂತ ಅಲ್ಲಿನ ಡಾಕ್ಟರಿಗೆ ಹೇಳಬೇಕು ಅಂತ ಒಂದು ಚೀಟಿಯಲ್ಲಿ ಬರೆದು ಕೊಡಿ. ಅಲ್ಲಿನ ಡಾಕ್ಟರಿಗೆ ಇದು ತಾನಾಗಿ ಹೊಳೆಯುವ ಕಾಯಿಲೆಯಲ್ಲ.

ಹೊರಡುವಾಗ ಏನು ಕೊಟ್ಟು ಕಳ್ಸೋದು?

ನಿಮ್ಮ ತೋಟದ ಕಾಳುಮೆಣಸು. ಹಗುರ, ಕೆಡುವುದಿಲ್ಲ, ಅಡಿಗೆಗೆ ಬರುತ್ತದೆ. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದದ್ದು ಇದರಿಂದಲೇ ಅಂತ ಹೇಳಿ ಕೊಡಿ. ಹಲಸಿನ ಹಪ್ಪಳವೂ ಆಗುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನವರಿಗೆ ಬೀಜ, ಗಿಡ, ಜೇನು ಕೊಡಬೇಡಿ. ಅಲ್ಲಿ ತಪಾಸಣೆ ಬಿಗಿ, ತಿನ್ನುವ ವಸ್ತು ಏನೇ ಇದ್ದರೂ ಬರೆದು ತಿಳಿಸಬೇಕು.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಎಲ್ಲಿ ಹೋದ್ರೂ ಜನ ಸೆಲ್ಫಿ ಕೇಳ್ತಾರೆ. ಹೇಗೆ ಬೇಡ ಅನ್ನೋದು?

ನೀವೇ ನಗುತ್ತಾ ಬೇಡ ಅನ್ನಿ, ಅತಿಥಿಯ ಬಾಯಲ್ಲಿ ಹೇಳಿಸಬೇಡಿ. "ಸುಸ್ತಾಗಿದ್ದಾರೆ, ಮತ್ತೆ ಬರ್ತಾರೆ" ಅಂದರೆ ನಮ್ಮ ಜನ ಬೇಜಾರು ಮಾಡಿಕೊಳ್ಳುವುದಿಲ್ಲ. ಅತಿಥಿಗೂ ಇದೇ ನಿಯಮ ಹೇಳಿ. ಗದ್ದೆಯಲ್ಲಿ ಸೀರೆ ಎತ್ತಿಕಟ್ಟಿ ನಟ್ಟಿ ಮಾಡುತ್ತಿರುವವರ ಫೋಟೋ ಕೇಳದೆ ತೆಗೆಯಬಾರದು. ಕೇಳಿದರೆ ಹೆಚ್ಚಿನವರು ಹೂಂ ಅನ್ನುತ್ತಾರೆ, ತೆಗೆದದ್ದನ್ನು ನೋಡಲೂ ಬಯಸುತ್ತಾರೆ. ಒಂದು ಪ್ರತಿ ಮುದ್ರಿಸಿ ಅವರ ಮನೆಗೆ ತಲುಪಿಸುವುದು ನಿಮ್ಮ ಕೆಲಸ.

ಶಾಲೆ ಮಕ್ಕಳಿಗೆ ಚಾಕಲೇಟು, ದುಡ್ಡು ಹಂಚ್ತೀನಿ ಅಂತಾರೆ. ಬಿಡ್ಲಾ?

ಬಿಡಬೇಡಿ. ಮಕ್ಕಳು ಯಾರನ್ನು ಕಂಡರೂ ಕೈ ಚಾಚುವುದನ್ನು ಕಲಿಯಬಾರದು. ಕೊಡಲೇಬೇಕು ಅನ್ನಿಸಿದರೆ ಮೇಷ್ಟ್ರನ್ನು ಕೇಳಿ ಶಾಲೆಗೆ ಬೇಕಾದ ಪುಸ್ತಕ, ಚೆಂಡು ಕೊಡಲಿ. ಅದಕ್ಕಿಂತ ಒಳ್ಳೆಯದು, ಮಕ್ಕಳ ಜೊತೆ ಒಂದು ಗಂಟೆ ಕೂತು ಅವರ ಊರಿನ ಆಟ ಕಲಿಸಲಿ, ನಮ್ಮ ಮಕ್ಕಳಿಂದ ಕುಂಟೆಬಿಲ್ಲೆ ಕಲಿಯಲಿ.

ಅಡಿಕೆಯಿಂದ ಕ್ಯಾನ್ಸರ್ ಬರುತ್ತಂತೆ ಅಂತ ಕೇಳಿದ್ರೆ ಏನ್ ಹೇಳೋದು?

ಇದ್ದದ್ದನ್ನು ಹೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿಟ್ಟಿದೆ. ನಮ್ಮ ಮನೆಯ ಒಲೆ ಉರಿಯುವುದು, ಮಕ್ಕಳು ಓದಿದ್ದು ಎಲ್ಲಾ ಅಡಿಕೆಯಿಂದ, ಅದೂ ನಿಜ. ಎರಡನ್ನೂ ಒಟ್ಟಿಗೆ ಹೇಳುವುದಕ್ಕೆ ಕಷ್ಟವಾಗುತ್ತದೆ, ಆದರೂ ಹೇಳಬೇಕು. ಕವಳದ (ಎಲೆ-ಅಡಿಕೆಯ) ಹರಿವಾಣ ತೋರಿಸಿ, ಅದರ ಮರ್ಯಾದೆ ಏನು ಅಂತ ವಿವರಿಸಿ. ಹಾಕಿಕೊಳ್ಳಿ ಅಂತ ಒತ್ತಾಯಿಸಬೇಡಿ. ಹೊಸಬರಿಗೆ ಸೊಕ್ಕಿ ತಲೆ ತಿರುಗುತ್ತದೆ, ಬೆವರು ಬರುತ್ತದೆ.

ಜಾತಿ ಬಗ್ಗೆ ಕೇಳ್ತಾರೆ. ಮಾತು ತಿರುಗಿಸ್ಲಾ?

ತಿರುಗಿಸಬೇಡಿ. ಯಾರು ಜಗುಲಿಯಲ್ಲಿ ಕೂರುತ್ತಾರೆ, ಯಾರು ಅಂಗಳದಲ್ಲೇ ನಿಲ್ಲುತ್ತಾರೆ ಅನ್ನುವುದನ್ನು ಅವರು ಎರಡನೇ ದಿನವೇ ಗಮನಿಸಿರುತ್ತಾರೆ. "ಈಗ ಅದೆಲ್ಲ ಇಲ್ಲ" ಅಂದರೆ ನಿಮ್ಮ ಉಳಿದ ಮಾತುಗಳನ್ನೂ ನಂಬುವುದಿಲ್ಲ. ಏನು ಬದಲಾಗಿದೆ, ಏನು ಬದಲಾಗಿಲ್ಲ ಅಂತ ನಿಮ್ಮ ಊರಿನ ಉದಾಹರಣೆಯಿಂದಲೇ ಹೇಳಿ. ಸಾಗರ ತಾಲ್ಲೂಕಿನ ಕಾಗೋಡಿನ ಕತೆ ಹೇಳಿ. ಭತ್ತದ ಗೇಣಿ ಅಳೆಯುವ ಕೊಳಗದ ಅಳತೆಯಿಂದ ಶುರುವಾದ ಜಗಳ 1951ರಲ್ಲಿ ಗೇಣಿದಾರರ ಸತ್ಯಾಗ್ರಹವಾಯಿತು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನೇ ಹೊಲದೊಡೆಯ ಅನ್ನುವ ಮಾತು ಮುಂದೆ ಕಾನೂನಾದದ್ದರ ಹಿಂದೆ ಈ ಹಳ್ಳಿಯೂ ಇದೆ. ಮತ್ತೆ, ಅತಿಥಿಯನ್ನು ಒಂದೇ ಕೇರಿಯಲ್ಲಿ ಸುತ್ತಿಸಬೇಡಿ. ಎಲ್ಲ ಕೇರಿಗಳ ಮನೆಗಳಲ್ಲೂ ಚಾ ಕುಡಿಯಲಿ, ನೀವೂ ಜೊತೆಗೆ ಕೂತು ಕುಡಿಯಿರಿ.

ಮುಳುಗಡೆ ವಿಷಯ ಹೇಳ್ಬೇಕಾ? ರಜೆಗೆ ಬಂದವರಿಗೆ ಬೇಜಾರಾಗಲ್ವಾ?

ಹೇಳಲೇಬೇಕು. ಜೋಗದ ಎದುರು ನಿಂತವರು "ಬೇಸಿಗೆಯಲ್ಲಿ ನೀರು ಎಲ್ಲಿಗೆ ಹೋಗುತ್ತದೆ?" ಅಂತ ಕೇಳೇ ಕೇಳುತ್ತಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಶರಾವತಿಯ ನೀರು ಅಲ್ಲಿ ನಿಂತು, ಕೆಳಗಿನ ವಿದ್ಯುದಾಗಾರದಲ್ಲಿ ಕರೆಂಟಾಗುತ್ತದೆ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಬೆಂಗಳೂರು ಬೆಳಗಿದ್ದು ಇದರಿಂದ. ಅದಕ್ಕಾಗಿ ಗದ್ದೆ, ತೋಟ, ದೇವಸ್ಥಾನ, ಊರಿಗೆ ಊರೇ ನೀರಿನಡಿ ಹೋಯಿತು. ಎಬ್ಬಿಸಿದ ಕುಟುಂಬಗಳಲ್ಲಿ ಎಷ್ಟೋ ಮಂದಿ ಹೊಸ ಜಾಗದ ಹಕ್ಕುಪತ್ರಕ್ಕಾಗಿ ಇವತ್ತಿಗೂ ಓಡಾಡುತ್ತಿದ್ದಾರೆ. ಹಿನ್ನೀರಿನ ಆಚೆ ಉಳಿದವರು ದಶಕಗಳ ಕಾಲ ಲಾಂಚನ್ನೇ ನಂಬಿಕೊಂಡು ಬದುಕಿದರು. ಸಿಗಂದೂರಿಗೆ ಹೋಗುವ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಆದದ್ದು 2025ರ ಜುಲೈಯಲ್ಲಿ.

ಆ ಸೇತುವೆ ಮೇಲೆ ಕರೆದುಕೊಂಡು ಹೋಗಿ. ಬೇಸಿಗೆಯಲ್ಲಿ ಹಿನ್ನೀರು ಇಳಿದ ವರ್ಷ ಹಿರೇಭಾಸ್ಕರದ ಹಳೇ ಅಣೆಕಟ್ಟು ಕಾಣುತ್ತದೆ. ಲಿಂಗನಮಕ್ಕಿ ಬರುವ ಮುಂಚೆ ಕಟ್ಟಿದ್ದು, ಆಮೇಲೆ ತಾನೇ ಮುಳುಗಿದ್ದು. ಅಲ್ಲಿಗೆ ಹೋಗುವಾಗ ಮುಳುಗಡೆಯಿಂದ ಎದ್ದುಬಂದ ಹಿರಿಯರೊಬ್ಬರನ್ನು ಕೇಳಿಕೊಂಡು ಜೊತೆಗೆ ಕರೆದೊಯ್ಯಿರಿ. ನಮ್ಮ ಮನೆ ಈ ಕಡೆ ಇತ್ತು, ಶಾಲೆ ಆ ಕಡೆ ಇತ್ತು ಅಂತ ಅವರು ಕೈ ತೋರಿಸಿ ಹೇಳುವುದನ್ನು ನೀವು ಅನುವಾದ ಮಾಡಿ. ಅರ್ಧ ದಿನ ಇಟ್ಟುಕೊಳ್ಳಿ, ಅವರನ್ನು ಅವಸರ ಮಾಡಿಸಬೇಡಿ, ಊಟಕ್ಕೆ ಅವರನ್ನೂ ಮನೆಗೆ ಕರೆಯಿರಿ.